ಮೌಲ್ಯಸರಪಳಿ ವಿಶ್ಲೇಷಣೆ ಮತ್ತು ಮೈಸೂರು ರೇಷ್ಮೆ: ಒಂದು ವಿಮರ್ಶೆ

ವ್ಯಾಪಾರ ಮತ್ತು ಕೈಗಾರಿಕೆಗಳನ್ನು ಕುರಿತ ಪ್ರಬಂಧಗಳಲ್ಲಿ ‘ಮೌಲ್ಯಸರಪಳಿ’ ಎಂಬ ಮಾತು ಈಗ ಎಷ್ಟು ಧಾರಾಳವಾಗಿ ಬಳಕೆಯಾಗುತ್ತಿದೆಯೆಂದರೆ, ಅದರ ಅರ್ಥವೇನೆಂದು ಕೇಳುವುದೇ ಅವಿನಯವೆಂಬಂತಾಗಿದೆ. ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯೊಬ್ಬನು ಒಂದು ಕಾರ್ಖಾನೆಯನ್ನು ನೋಡಿ ಬಂದರೆ ಸಾಕು, ಒಂಬತ್ತು ಮನೆಗಳ ಚಿತ್ರವೊಂದನ್ನು ಬರೆದು, ಕಂಡುದನ್ನೆಲ್ಲ ಆ ಮನೆಗಳಿಗೆ ಹಂಚಿ, ವಿಶ್ಲೇಷಣೆ ಮುಗಿಯಿತೆಂದು ಭಾವಿಸುತ್ತಾನೆ. ಆರ್ಥಿಕ ಇತಿಹಾಸದ ಪ್ರಬಂಧಗಳಲ್ಲಿಯೂ ಈ ಚಿತ್ರ ಕಾಣಿಸಿಕೊಳ್ಳತೊಡಗಿದೆ. ಇತಿಹಾಸದ ಅಧ್ಯಾಪಕರಾದ ನಾವು ಈ ವಿಷಯದಲ್ಲಿ ಮಾತನಾಡಲು ಅದೇ ಕಾರಣ. ಈ ವಿಧಾನಕ್ಕೆ ಮೂಲವಾದ ಗ್ರಂಥವನ್ನೂ ಅದರ ನೆರೆಯಲ್ಲಿ ಬೆಳೆದ ಮತ್ತೊಂದು ವಿಚಾರಧಾರೆಯನ್ನೂ ಪರಿಶೀಲಿಸಿ, ಅನಂತರ ನಮ್ಮ ನಾಡಿನದೇ ಆದ ಒಂದು ಕೈಗಾರಿಕೆಯ ಮೇಲೆ ಅದನ್ನು ಒರೆಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ನಾವು ಆರಿಸಿಕೊಂಡಿರುವುದು ಮೈಸೂರು ಸೀಮೆಯ ರೇಷ್ಮೆಯನ್ನು.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ಮೈಕೇಲ್ ಪೋರ್ಟರರು 1985ರಲ್ಲಿ ‘ಕಾಂಪಿಟಿಟಿವ್ ಅಡ್ವಾಂಟೇಜ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಒಂದು ಸಂಸ್ಥೆಯನ್ನು ಇಡಿಯಾಗಿ ನೋಡಿದರೆ ಅದರ ಮೇಲುಗೈಗೆ ಕಾರಣವೇನೆಂಬುದು ತಿಳಿಯುವುದಿಲ್ಲ. ಅದು ಮಾಡುವ ಕೆಲಸಗಳನ್ನು ಬಿಡಿಬಿಡಿಯಾಗಿ ನೋಡಬೇಕು ಎಂಬುದು ಅವರ ಮೂಲ ವಾದ. ಕಚ್ಚಾ ಸಾಮಗ್ರಿಯನ್ನು ಬರಮಾಡಿಕೊಂಡು ದಾಸ್ತಾನಿಡುವುದು, ತಯಾರಿಕೆ, ತಯಾರಾದ ಸರಕಿನ ರವಾನೆ, ಪ್ರಚಾರ ಮತ್ತು ಮಾರಾಟ, ಮಾರಾಟದ ಅನಂತರದ ಸೇವೆ—ಈ ಐದು ಮುಖ್ಯ ಕಾರ್ಯಗಳು. ಇವುಗಳಿಗೆ ಒತ್ತಾಸೆಯಾಗಿ ನಿಲ್ಲುವ ಖರೀದಿ, ತಾಂತ್ರಿಕ ಅಭಿವೃದ್ಧಿ, ಸಿಬ್ಬಂದಿಯ ನಿರ್ವಹಣೆ ಮತ್ತು ಆಡಳಿತ-ಲೆಕ್ಕಪತ್ರಾದಿಗಳ ವ್ಯವಸ್ಥೆ—ಈ ನಾಲ್ಕು ಪೋಷಕ ಕಾರ್ಯಗಳು. ಕೊಳ್ಳುವವರು ಸಂಸ್ಥೆಯ ಸರಕಿಗೆ ಎಷ್ಟು ಹಣ ಕೊಡಲು ಒಪ್ಪುತ್ತಾರೋ ಅದೇ ‘ಮೌಲ್ಯ’. ಈ ಒಂಬತ್ತು ಕಾರ್ಯಗಳ ವೆಚ್ಚವನ್ನು ಅದರಿಂದ ಕಳೆದರೆ ಉಳಿಯುವುದು ಸಂಸ್ಥೆಯ ಲಾಭ.

ಈ ಗ್ರಂಥದ ಗುಣವನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಲೆಕ್ಕಪತ್ರಗಳಲ್ಲಿ ವೆಚ್ಚವು ಸಂಬಳ, ಸಾಮಗ್ರಿ, ಬಾಡಿಗೆ ಎಂದು ಬಗೆಗೊಂಡಿರುತ್ತದೆಯೇ ಹೊರತು ಯಾವ ಕೆಲಸಕ್ಕೆ ಎಷ್ಟು ತಗಲಿತೆಂದು ಅಲ್ಲಿ ತಿಳಿಯದು. ಪೋರ್ಟರರು ಈ ಕಟ್ಟನ್ನು ಬಿಚ್ಚಿದರು. ಒಂದು ಕೆಲಸದಲ್ಲಿ ಉಳಿಸಿದ ಹಣ ಮತ್ತೊಂದು ಕೆಲಸದಲ್ಲಿ ನಷ್ಟವಾಗಿ ತೋರಬಹುದೆಂಬುದನ್ನು, ಅಂದರೆ ಕಾರ್ಯಗಳ ನಡುವಣ ಕೊಂಡಿಗಳನ್ನು, ಅವರು ಒತ್ತಿ ಹೇಳಿದರು. ಸಂಸ್ಥೆಯ ಸರಪಳಿ ಒಂಟಿಯಾದುದಲ್ಲ, ಸರಬರಾಜುದಾರರ, ವಿತರಕರ ಮತ್ತು ಗ್ರಾಹಕರ ಸರಪಳಿಗಳೊಡನೆ ಕೂಡಿಕೊಂಡು ಒಂದು ‘ಮೌಲ್ಯವ್ಯವಸ್ಥೆ’ಯಾಗುತ್ತದೆಂದೂ ತೋರಿಸಿದರು. ಇಂಥ ಗ್ರಂಥವನ್ನು ಕೇವಲ ವ್ಯಾಪಾರಿಗಳ ಕೈಪಿಡಿಯೆಂದು ತಳ್ಳಿಹಾಕುವುದು ಸಲ್ಲದು.

ಆದರೆ ಇದೇ ರೂಪಕವನ್ನು ಬೇರೊಂದು ಕಾರ್ಯಕ್ಕಾಗಿ ಬಳಸಿದವರು ಪೋರ್ಟರರಿಗಿಂತ ಮೊದಲೇ ಇದ್ದರು. ಟೆರೆನ್ಸ್ ಹಾಪ್ಕಿನ್ಸ್ ಮತ್ತು ಇಮ್ಯಾನುಯೆಲ್ ವಾಲರ್‌ಸ್ಟೈನ್ 1977ರಲ್ಲಿಯೇ ‘ಸರಕುಸರಪಳಿ’ಯ ಮಾತನ್ನು ಆಡಿದ್ದರು. 1986ರಲ್ಲಿ ಅವರು 1800ಕ್ಕೆ ಹಿಂದಿನ ಜಗತ್ತಿನ ಅರ್ಥವ್ಯವಸ್ಥೆಯನ್ನು ಕುರಿತು ಬರೆದಾಗ ಹಡಗು ನಿರ್ಮಾಣ ಮತ್ತು ಗೋಧಿಹಿಟ್ಟಿನ ಸರಪಳಿಗಳನ್ನು ಉದಾಹರಣೆಯಾಗಿ ತೆಗೆದುಕೊಂಡರು. ಸಿದ್ಧವಾದ ಸರಕಿನಿಂದ ಹಿಂದಕ್ಕೆ ನಡೆಯುತ್ತ, ಒಂದೊಂದು ಹಂತದಲ್ಲಿಯೂ ಯಾರು, ಎಲ್ಲಿ, ಯಾವ ಬಗೆಯ ದುಡಿಮೆಯಿಂದ ಅದನ್ನು ಮಾಡಿದರೆಂದು ಕೇಳುವುದು ಅವರ ಕ್ರಮ. ಪೋರ್ಟರರು ಕೇಳುವುದು ಸಂಸ್ಥೆ ಹೇಗೆ ಗೆಲ್ಲಬೇಕೆಂದು. ಇವರು ಕೇಳಿದ್ದು ಗಳಿಕೆ ಯಾರಲ್ಲಿ ಉಳಿಯಿತೆಂದು. 1994ರಲ್ಲಿ ಗ್ಯಾರಿ ಜೆರೆಫಿಯವರು ಎರಡನೆಯ ಧಾರೆಯನ್ನು ಮುಂದುವರಿಸಿ, ತಯಾರಕರು ನಡೆಸುವ ಸರಪಳಿಗಳನ್ನೂ ದೊಡ್ಡ ಖರೀದಿದಾರರು ನಡೆಸುವ ಸರಪಳಿಗಳನ್ನೂ ಬೇರ್ಪಡಿಸಿದರು. 2005ರಲ್ಲಿ ಹಂಫ್ರಿ ಮತ್ತು ಸ್ಟರ್ಜನ್ ಅವರೊಡನೆ ಸೇರಿ ಸರಪಳಿಯ ಆಡಳಿತವನ್ನು ಐದು ಬಗೆಗಳಾಗಿ ವಿಂಗಡಿಸಿದರು. ಅಷ್ಟು ಹೊತ್ತಿಗೆ ‘ಸರಕು’ ಹೋಗಿ ‘ಮೌಲ್ಯ’ ಬಂದಿತ್ತು. ಎರಡು ಧಾರೆಗಳಿಗೂ ಒಂದೇ ಹೆಸರಾಯಿತು. ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಪೋರ್ಟರರ ಚಿತ್ರವೂ ಜೆರೆಫಿಯವರ ಪರಿಭಾಷೆಯೂ ಒಂದೇ ಪುಟದಲ್ಲಿ ಜಗಳವಿಲ್ಲದೆ ಕುಳಿತಿರುವುದಕ್ಕೆ ಈ ಹೆಸರಿನ ಸಾಮ್ಯವೇ ಕಾರಣ. ಅವು ಜಗಳವಾಡಬೇಕಾದ ವಿಚಾರಗಳು.

ಇನ್ನು ರೇಷ್ಮೆಗೆ ಬರೋಣ. ಪೋರ್ಟರರ ಚಿತ್ರ ಇಲ್ಲಿ ಸರಿಯಾಗಿ ಕೂಡುವ ಒಂದು ಸ್ಥಳವುಂಟು. ಮೈಸೂರಿನಲ್ಲಿ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಸ್ಥಾಪಿತವಾದ ರೇಷ್ಮೆ ನೇಯ್ಗೆಯ ಕಾರ್ಖಾನೆ 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಆಡಳಿತದಲ್ಲಿದೆ. ನಿಗಮವು ಗೂಡನ್ನು ಮಾರುಕಟ್ಟೆಯಲ್ಲಿ ಕೊಳ್ಳುತ್ತದೆ, ತಿರುಮಕೂಡಲು ನರಸೀಪುರದಲ್ಲಿ ನೂಲು ತೆಗೆಯುತ್ತದೆ, ಮೈಸೂರಿನಲ್ಲಿ ಸೀರೆ ನೇಯುತ್ತದೆ, ತನ್ನ ಮಳಿಗೆಗಳಲ್ಲಿಯೇ ಮಾರುತ್ತದೆ. ಮೈಸೂರು ರೇಷ್ಮೆಗೆ 2005ರಲ್ಲಿ ದೊರೆತ ಭೌಗೋಳಿಕ ಸೂಚಕದ ಮಾನ್ಯತೆಯ ಬೆಲೆಯೇನೆಂಬುದನ್ನೂ ಈ ಚಿತ್ರದಲ್ಲಿ ಗುರುತಿಸಬಹುದು. ಒಂಬತ್ತು ಮನೆಗಳೂ ತುಂಬುತ್ತವೆ. ಆದರೆ ನಾಡಿನ ರೇಷ್ಮೆಯಲ್ಲಿ ನಿಗಮದ ಪಾಲು ಒಂದು ಸಣ್ಣ ಭಾಗ. ಉಳಿದುದು ರಾಮನಗರ, ಶಿಡ್ಲಘಟ್ಟ, ವಿಜಯಪುರ, ಕನಕಪುರಗಳ ಕಡೆಯ ಸಣ್ಣಪುಟ್ಟ ಬಿಚ್ಚಾಣಿಕೆ ಘಟಕಗಳಲ್ಲಿ ನೂಲಾಗಿ, ಕಾಂಚೀಪುರ, ಧರ್ಮಾವರ, ವಾರಾಣಸಿಗಳಂಥ ದೂರದ ಮಗ್ಗಗಳಿಗೆ ಹೋಗುತ್ತದೆ. ಅಲ್ಲಿ ‘ಸಂಸ್ಥೆ’ ಯಾವುದು? ಎರಡು ಎಕರೆ ಹಿಪ್ಪುನೇರಳೆಯ ರೈತನೇ? ನಾಲ್ಕು ಬೇಸಿನ್ನುಗಳ ರೀಲರನೇ? ಚಿತ್ರವನ್ನು ಯಾರ ಮೇಜಿನ ಮೇಲೆ ಹರಡಬೇಕೆಂಬ ಮೊದಲ ಪ್ರಶ್ನೆಗೇ ಇಲ್ಲಿ ಉತ್ತರವಿಲ್ಲ.

ಇರಲಿ, ಇಡೀ ಕೈಗಾರಿಕೆಯನ್ನೇ ಒಂದು ಸರಪಳಿಯೆಂದು ಭಾವಿಸೋಣ. ಬಿತ್ತನೆ ಗೂಡು, ಬಿತ್ತನೆ ಕೋಠಿ, ಮೊಟ್ಟೆ, ಚಾಕಿ, ಹುಳುಸಾಕಣೆ, ಗೂಡು, ನೂಲು ಬಿಚ್ಚಾಣಿಕೆ, ಹುರಿ, ಬಣ್ಣ, ನೇಯ್ಗೆ, ಮಾರಾಟ—ಹೀಗೆ ಕೊಂಡಿಗಳನ್ನು ಎಣಿಸಬಹುದು. ಇಂಥ ಪಟ್ಟಿ ಸರಪಳಿಯ ಆರಂಭ ಬಿತ್ತನೆಯಲ್ಲಿ, ಅಂತ್ಯ ಸೀರೆಯಲ್ಲಿ ಎಂಬ ಭಾವನೆಯನ್ನು ಹುಟ್ಟಿಸುತ್ತದೆ. ಇತಿಹಾಸದ ಕ್ರಮ ಹಾಗಿಲ್ಲ. ಈ ಸೀಮೆಯಲ್ಲಿ ರೇಷ್ಮೆಯ ನೇಯ್ಗೆ ಹುಳುಸಾಕಣೆಗಿಂತ ಹಳೆಯದು. 1800ರಲ್ಲಿ ವೆಲ್ಲೆಸ್ಲಿಯ ಆಜ್ಞೆಯ ಮೇರೆಗೆ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಪಟ್ಟೆಗಾರರ ಮತ್ತು ಖತ್ರಿಗಳ ಕಸಬನ್ನು ವಿವರಿಸಿದ್ದಾನೆ; ಅವರು ನೇಯುತ್ತಿದ್ದುದು ಹೊರಗಿನಿಂದ ಬಂದ ರೇಷ್ಮೆಯನ್ನು. ಅದಕ್ಕೆ ಕೆಲವೇ ವರ್ಷ ಮೊದಲು, 1780ರ ದಶಕದಲ್ಲಿ, ಟೀಪೂ ಸುಲ್ತಾನನು ಬಂಗಾಳದಿಂದ ಹುಳು ತರಿಸಿ ಸಾಕಣೆಗೆ ಏರ್ಪಾಡು ಮಾಡಿಸಿದ್ದನು. ಎಂದರೆ ಕೊನೆಯ ಕೊಂಡಿ ಮೊದಲೇ ಇದ್ದಿತು. ಮೊದಲ ಕೊಂಡಿಯನ್ನು ರಾಜ್ಯಾಧಿಕಾರವು ಆಮೇಲೆ ತಂದು ಜೋಡಿಸಿತು. ಮುಂದೆಯೂ ಹೀಗೆಯೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್‌ಶೇಟ್‌ಜಿ ಟಾಟಾ ಅವರು ಜಪಾನೀ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ತೋಟವನ್ನು ಮಾಡಿದುದನ್ನು ಬಿಟ್ಟರೆ, ತಳಿಸುಧಾರಣೆ, ರೋಗರಹಿತ ಮೊಟ್ಟೆ, ಬಿತ್ತನೆ ಕೋಠಿಗಳ ವಿಸ್ತರಣೆ ಇವೆಲ್ಲ ಬಹುಮಟ್ಟಿಗೆ ಸರ್ಕಾರದ ಇಲಾಖೆಯ ಕೆಲಸವಾದವು. 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ, 1961ರಲ್ಲಿ ಮೈಸೂರಿನ ಸಂಶೋಧನ ಮತ್ತು ತರಬೇತಿ ಸಂಸ್ಥೆ, 1980ರಲ್ಲಿ ವಿಶ್ವಬ್ಯಾಂಕಿನ ನೆರವಿನ ಕರ್ನಾಟಕ ರೇಷ್ಮೆ ಯೋಜನೆ—ಇವು ಯಾವ ಸಂಸ್ಥೆಯ ‘ತಾಂತ್ರಿಕ ಅಭಿವೃದ್ಧಿ’ಯ ಮನೆಯಲ್ಲಿ ಸೇರಬೇಕು?

ಈ ಆಕ್ಷೇಪಣೆ ದೊಡ್ಡದಲ್ಲ; ಚಿತ್ರಕ್ಕೆ ಹತ್ತನೆಯ ಮನೆಯೊಂದನ್ನು ಸೇರಿಸಿ ಇದನ್ನು ಪರಿಹರಿಸಬಹುದೆಂದು ಯಾರಾದರೂ ಹೇಳಿಯಾರು. ಮನೆ ಸೇರಿಸಿ ಪರಿಹರಿಸಲಾಗದ ತೊಡಕು ‘ಮೌಲ್ಯ’ ಎಂಬ ಮಾತಿನಲ್ಲಿಯೇ ಇದೆ. ಕೊಳ್ಳುವವನು ಕೊಡಲೊಪ್ಪುವ ಹಣವೇ ಮೌಲ್ಯವೆಂದರೆ, ಅವನ ಒಪ್ಪಿಗೆ ಯಾವ ಸನ್ನಿವೇಶದಲ್ಲಿ ದೊರೆಯಿತೆಂಬ ಪ್ರಶ್ನೆ ಮುಚ್ಚಿಹೋಗುತ್ತದೆ. ರೇಷ್ಮೆಗೂಡಿನ ಮಾರಾಟವನ್ನೇ ನೋಡಿ. ಸುಮಾರು ಇಪ್ಪತ್ತೈದು ದಿನಗಳ ಕಾಲ ಹುಳು ಎಲೆ ತಿನ್ನುತ್ತದೆ. ನಾಲ್ಕು ಸಲ ಪೊರೆ ಬಿಡುತ್ತದೆ, ನಮ್ಮ ರೈತರು ಇದನ್ನು ‘ಜ್ವರ’ ಎಂದು ಕರೆಯುತ್ತಾರೆ. ಒಟ್ಟು ಎಲೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ನಾಲ್ಕನೆಯ ಜ್ವರದ ಅನಂತರದ ಕೆಲವೇ ದಿನಗಳಲ್ಲಿ ಬೇಕಾಗುತ್ತದೆ, ಆಗ ಮನೆಮಂದಿಯೆಲ್ಲ ಹಗಲಿರುಳೆನ್ನದೆ ದುಡಿಯುತ್ತಾರೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಕಟ್ಟಿದ ಮೇಲೆ ಅದನ್ನು ಬಿಡಿಸಿದರೆ ಮಾರಲು ಉಳಿಯುವುದು ಕೆಲವು ದಿನಗಳು ಮಾತ್ರ. ತಡವಾದರೆ ಒಳಗಿನ ಜೀವಿ ಚಿಟ್ಟೆಯಾಗಿ ಗೂಡನ್ನು ಒಡೆದು ಹೊರಬರುತ್ತದೆ. ಒಡೆದ ಗೂಡಿನಿಂದ ಎಳೆ ಬಿಚ್ಚಲಾಗದು. ರೀಲರನು ಕೊಂಡ ಗೂಡನ್ನು ಬಿಸಿಗಿಟ್ಟು ಒಳಗಿನ ಜೀವಿಯನ್ನು ಕೊಂದು ದಾಸ್ತಾನಿಡಬಲ್ಲನು. ರೈತನಿಗೆ ಕಾಯುವ ಅವಕಾಶವಿಲ್ಲ, ರೀಲರನಿಗೆ ಉಂಟು. ಬೆಲೆಯಲ್ಲಿ ಈ ವ್ಯತ್ಯಾಸ ಸೇರಿಯೇ ಇರುತ್ತದೆ. ಆ ಬೆಲೆಯನ್ನು ‘ಮೌಲ್ಯ’ವೆಂದು ಬರೆದುಕೊಂಡು, ರೈತನ ಹಂತದಲ್ಲಿ ಸೇರಿದ ಮೌಲ್ಯ ಇಷ್ಟೇ ಎಂದು ಲೆಕ್ಕ ಹಾಕುವುದು, ಒಬ್ಬನ ನಿರುಪಾಯವನ್ನು ಅವನ ದುಡಿಮೆಯ ಅಳತೆಯೆಂದು ಭಾವಿಸಿದಂತೆ.

ಮತ್ತೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಗೂಡಿನೊಳಗೆ ಎಷ್ಟು ನೂಲಿದೆಯೆಂಬುದು ಬಿಚ್ಚುವವರೆಗೆ ಯಾರಿಗೂ ಖಚಿತವಾಗಿ ತಿಳಿಯದು. ಮಿಶ್ರತಳಿಯ ಗೂಡಾದರೆ ಒಂದು ಕಿಲೋ ನೂಲಿಗೆ ಸುಮಾರು ಎಂಟು ಕಿಲೋ, ಒಳ್ಳೆಯ ದ್ವಿತಳಿಯಾದರೆ ಆರು ಏಳು ಕಿಲೋ ಗೂಡು ಬೇಕಾಗುತ್ತದೆ. ರೀಲರನು ತಟ್ಟೆಯಿಂದ ಒಂದು ಹಿಡಿ ಗೂಡು ತೆಗೆದು, ಒತ್ತಿ, ಅಲ್ಲಾಡಿಸಿ, ತನ್ನ ಅನುಭವದಿಂದ ಊಹಿಸಿ ಬೆಲೆ ಕೂಗುತ್ತಾನೆ. ಊಹೆ ತಪ್ಪಿದರೆ ಅವನೂ ನಷ್ಟಪಡುತ್ತಾನೆ. ರೀಲರರನ್ನೆಲ್ಲ ಶೋಷಕರೆಂದು ಚಿತ್ರಿಸುವ ಬರಹಗಳು ಈ ಕಷ್ಟವನ್ನು ಮರೆಯುತ್ತವೆ. ಅವರಲ್ಲಿ ಹಲವರು ಸಾಲದ ಬಂಡವಾಳದಿಂದ ವಾರ ವಾರ ಬದುಕುವವರು.

ಹೀಗಿರಲು, ಈ ಕೈಗಾರಿಕೆಯ ಇತಿಹಾಸದಲ್ಲಿ ನಿರ್ಣಾಯಕವಾದ ಬದಲಾವಣೆ ನಡೆದುದು ಯಾವ ಕೊಂಡಿಯ ಒಳಗೂ ಅಲ್ಲ, ಎರಡು ಕೊಂಡಿಗಳು ಸೇರುವ ಸಂದಿಯಲ್ಲಿ ಎಂಬುದು ನಮ್ಮ ಅಭಿಪ್ರಾಯ. ಮೊದಲು ಗೂಡಿನ ಮಾರಾಟ ಹಳ್ಳಿಯಲ್ಲಿಯೇ, ಅನೇಕ ವೇಳೆ ದಲ್ಲಾಳಿಗಳ ಮೂಲಕ ನಡೆಯುತ್ತಿತ್ತು. ತೂಕವೂ ಬೆಲೆಯೂ ಕೊಳ್ಳುವವರ ಕಡೆಗೇ ವಾಲುವುದು ಸಹಜವಾಗಿದ್ದಿತು. 1959ರಲ್ಲಿ ಮೈಸೂರು ರಾಜ್ಯವು ಬಿತ್ತನೆ ಮತ್ತು ಗೂಡಿನ ಉತ್ಪಾದನೆ, ಸರಬರಾಜು, ಮಾರಾಟಗಳನ್ನು ನಿಯಂತ್ರಿಸುವ ಕಾನೂನನ್ನು ಮಾಡಿತು. 1979ರಲ್ಲಿ ನೂಲಿನ ವ್ಯಾಪಾರಕ್ಕಾಗಿ ಬೆಂಗಳೂರಿನಲ್ಲಿ ರೇಷ್ಮೆ ವಿನಿಮಯ ಕೇಂದ್ರವೂ, ಬೆಲೆ ಕುಸಿದಾಗ ಮಧ್ಯೆ ಪ್ರವೇಶಿಸಲು ಮಾರಾಟ ಮಂಡಳಿಯೂ ಬಂದವು. ಗೂಡು ಸರ್ಕಾರದ ಮಾರುಕಟ್ಟೆಗೆ ಬರತೊಡಗಿತು. ಅಲ್ಲಿ ಲಾಟು ಸಂಖ್ಯೆ, ಬಹಿರಂಗ ಹರಾಜು, ಇಲಾಖೆಯ ತಕ್ಕಡಿ, ಪರವಾನಗಿ ಪಡೆದ ಖರೀದಿದಾರ. ಇಂದು ರಾಮನಗರದ ಮಾರುಕಟ್ಟೆಯಲ್ಲಿ ಹರಾಜು ವಿದ್ಯುನ್ಮಾನ ವಿಧಾನದಿಂದ ನಡೆಯುತ್ತಿದೆ. ರೈತರಲ್ಲಿ ಒಕ್ಕಲಿಗರೇ ಮೊದಲಾದ ಬೇಸಾಯದ ಜಾತಿಗಳವರು ಹೆಚ್ಚು, ರಾಮನಗರ ಶಿಡ್ಲಘಟ್ಟಗಳ ರೀಲರರಲ್ಲಿ ಮುಸ್ಲಿಮರು ಹೆಚ್ಚು. ಬಂಧುತ್ವವಾಗಲಿ ಜಾತಿಯ ಪಂಚಾಯತಿಯಾಗಲಿ ಮಧ್ಯಸ್ಥಿಕೆ ವಹಿಸಲಾರದ ಈ ಎರಡು ಸಮುದಾಯಗಳ ನಡುವೆ ತಕ್ಕಡಿಗೆ ಬಂದ ಮಹತ್ತ್ವವನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡುವುದು ಅವಶ್ಯ. ಪೋರ್ಟರರ ಚಿತ್ರದಲ್ಲಿ ಈ ಮಾರುಕಟ್ಟೆಗೆ ಸ್ಥಳವೆಲ್ಲಿ? ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಎಳೆದ ಗೆರೆಯ ಮೇಲೆ. ಗೆರೆಗೆ ದಪ್ಪವಿಲ್ಲವೆಂದು ರೇಖಾಗಣಿತ ಹೇಳುತ್ತದೆ, ಆದರೆ ಇಪ್ಪತ್ತು ವರ್ಷಗಳ ಕಾನೂನು ಈ ಗೆರೆಯೊಳಗೇ ಅಡಗಿದೆ!

ಜೆರೆಫಿ ಮತ್ತು ಅವರ ಸಂಗಡಿಗರ ವಿಂಗಡಣೆ ಇದಕ್ಕಿಂತ ಮೇಲೆಂದು ನಾವು ಒಪ್ಪುತ್ತೇವೆ. ಅಧಿಕಾರ ಯಾರ ಕೈಯಲ್ಲಿದೆಯೆಂಬ ಪ್ರಶ್ನೆಯನ್ನು ಅವರು ಕೇಳುತ್ತಾರೆ. ಆದರೆ ಅವರ ಕಣ್ಣು ಸರಪಳಿಯನ್ನು ನಡೆಸುವ ಒಂದು ಮುಂದಾಳು ಸಂಸ್ಥೆಯನ್ನು ಹುಡುಕುತ್ತಿರುತ್ತದೆ. ಬಟ್ಟೆಬರೆ, ಮೋಟಾರು, ವಿದ್ಯುನ್ಮಾನ ಸಾಮಗ್ರಿಗಳಲ್ಲಿ ಅಂಥ ಸಂಸ್ಥೆ ಸಿಕ್ಕುತ್ತದೆ. ರಾಮನಗರದಲ್ಲಿ ಸಿಕ್ಕುವುದಿಲ್ಲ. ಅವರ ಐದು ಬಗೆಗಳಲ್ಲಿ ಇದು ‘ಮಾರುಕಟ್ಟೆ’ ಎಂಬ ಬಗೆಗೆ ಸೇರುತ್ತದೆ. ಅದು ಅತ್ಯಂತ ಸರಳವಾದ ಬಗೆ, ಬೆಲೆಯೊಂದರಿಂದಲೇ ನಡೆಯುವುದು, ಹೆಚ್ಚಿನ ವಿವರಣೆ ಬೇಡದ್ದು ಎಂದು ಅವರ ಎಣಿಕೆ. ಇತಿಹಾಸಕಾರನಿಗೆ ವಿವರಣೆ ಬೇಕಾದುದು ಅಲ್ಲಿಯೇ. ಶಾಸನ, ಅಂಗಳ, ತಕ್ಕಡಿ, ಪರವಾನಗಿ, ಇಲಾಖೆಯ ಗುಮಾಸ್ತ—ಇವರೆಲ್ಲ ಸೇರಿ ಮಾಡಿದ ಮೇಲೆ ‘ಮಾರುಕಟ್ಟೆ’ ಆಯಿತು. ಮಾಡಿದ್ದನ್ನು ಮತ್ತೆ ಬಿಚ್ಚುವುದೂ ಸಾಧ್ಯ.

ಬೆಲೆ ಸರಪಳಿಯ ಹೊರಗಿನಿಂದ ಬರುವುದಕ್ಕೂ ಇತ್ತೀಚಿನ ನಿದರ್ಶನವಿದೆ. 2011ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ನೂರಕ್ಕೆ 30ರಿಂದ 5ಕ್ಕೆ ಇಳಿಯಿತು. ನೇಕಾರರಿಗೆ ನೂಲು ಅಗ್ಗವಾಗಲೆಂಬುದು ಉದ್ದೇಶ. ಆ ವರ್ಷ ಕರ್ನಾಟಕದಲ್ಲಿ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು 15ಕ್ಕೆ ಏರಿಸಲಾಯಿತು. ಈ ಎರಡು ವರ್ಷಗಳಲ್ಲಿ ಹುಳು ತಿಂದ ಎಲೆ ಬದಲಾಗಲಿಲ್ಲ, ಸಾಕುವವರ ಜಾಣ್ಮೆ ಕಡಮೆಯಾಗಲಿಲ್ಲ. ಆದರೂ ಸರಪಳಿಯ ಲೆಕ್ಕದಲ್ಲಿ ಅವರು ಸೇರಿಸಿದ ‘ಮೌಲ್ಯ’ ಇಳಿಯಿತೆಂದೇ ಬರೆಯಬೇಕಾಗುತ್ತದೆ. ಸುಂಕದ ಪ್ರಶ್ನೆ ಹೊಸದೇನೂ ಅಲ್ಲ: ಆಮದು ರೇಷ್ಮೆಯ ಮತ್ತು ಕೃತಕ ರೇಷ್ಮೆಯ ಪೈಪೋಟಿಯಿಂದ ತತ್ತರಿಸಿದ ಈ ಉದ್ಯಮಕ್ಕೆ ರಕ್ಷಣೆ ಬೇಕೇ ಎಂಬುದನ್ನು ಭಾರತೀಯ ಸುಂಕಮಂಡಳಿ 1933ರಲ್ಲಿಯೇ ವಿಚಾರಣೆ ಮಾಡಿತ್ತು.

ದುಡಿಮೆಯ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೇವೆ, ಅದು ಕಡಮೆಯದೆಂದು ಅಲ್ಲ. ಬಿಚ್ಚಾಣಿಕೆ ಮತ್ತು ಹುರಿಯ ಘಟಕಗಳಲ್ಲಿ ಕೆಲಸಗಾರರನ್ನು ಮುಂಗಡ ಹಣ ಕೊಟ್ಟು ಹಿಡಿದಿಡುವ ಪದ್ಧತಿಯುಂಟು. ಜೀತಪದ್ಧತಿಯನ್ನು ರದ್ದುಗೊಳಿಸುವ ಕಾನೂನು 1976ರಲ್ಲಿಯೇ ಬಂದಿದ್ದರೂ, ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವರದಿಯು ಕರ್ನಾಟಕವೂ ಸೇರಿದಂತೆ ಮೂರು ರಾಜ್ಯಗಳ ರೇಷ್ಮೆ ಉದ್ಯಮದಲ್ಲಿ ಹೆತ್ತವರ ಸಾಲಕ್ಕಾಗಿ ದುಡಿಯುತ್ತಿದ್ದ ಮಕ್ಕಳ ಸ್ಥಿತಿಯನ್ನು ದಾಖಲಿಸಿತು. ಮೌಲ್ಯಸರಪಳಿಯ ಚಿತ್ರದಲ್ಲಿ ಈ ಮುಂಗಡ ‘ಸಿಬ್ಬಂದಿಯ ನಿರ್ವಹಣೆ’ ಎಂಬ ಮನೆಗೆ ಸೇರಬೇಕು! ಮಗುವಿನ ಕಡಮೆ ಕೂಲಿ ಅಲ್ಲಿ ವೆಚ್ಚದ ಇಳಿತವಾಗಿ, ವೆಚ್ಚದ ಇಳಿತ ಮೇಲುಗೈಯಾಗಿ ಕಾಣುತ್ತದೆ. ಪೋರ್ಟರರು ಇದನ್ನು ಸಮರ್ಥಿಸಿದರೆಂದು ನಾವು ಹೇಳುತ್ತಿಲ್ಲ. ಅವರ ಮನಸ್ಸಿನಲ್ಲಿ ಇಂಥ ಕಾರ್ಖಾನೆ ಇದ್ದಿರಲಾರದು. ಆದರೆ ಒಂದು ವಿಧಾನ ತಾನು ನೋಡದುದನ್ನು ನೋಡದಂತೆಯೇ ಇತರರಿಗೂ ಕಲಿಸುತ್ತದೆ.

ಇಲ್ಲಿ ಒಂದು ಪ್ರತಿವಾದವನ್ನು ಎದುರಿಸಬೇಕು. ಪೋರ್ಟರರು ಬರೆದುದು ಕಂಪನಿಗಳ ಆಡಳಿತಗಾರರಿಗಾಗಿ. ಅದರಲ್ಲಿ ರೈತನ ಇತಿಹಾಸವನ್ನು ಹುಡುಕುವುದು ಅನ್ಯಾಯವಲ್ಲವೇ? ಒಂದು ಮಟ್ಟಿಗೆ ಅನ್ಯಾಯವೇ ಸರಿ. ಕಂಪನಿಯೊಳಗಿನ ಉಪಯೋಗಕ್ಕೆ ಆ ಗ್ರಂಥ ಸಮರ್ಥವಾಗಿದೆಯೆಂದು ನಿಗಮದ ಉದಾಹರಣೆಯಲ್ಲಿಯೇ ಒಪ್ಪಿಕೊಂಡಿದ್ದೇವೆ. ತಪ್ಪು, ಕಂಪನಿಗಾಗಿ ಬರೆದ ಚಿತ್ರವನ್ನು ತಾಲ್ಲೂಕಿಗೂ ಜಿಲ್ಲೆಗೂ ರಾಜ್ಯಕ್ಕೂ ಹಿಗ್ಗಿಸಿದವರದು. ಹಾಗೆ ಹಿಗ್ಗಿಸುವಾಗ ‘ಸಂಸ್ಥೆಯ ಲಾಭ’ ಎಂಬ ಕಡೆಯ ಸಾಲು ಯಾರದೆಂದು ಕೇಳದೆ ಬಿಟ್ಟುಬಿಡುತ್ತಾರೆ. ಯೋಜನಾ ವರದಿಗಳಲ್ಲಿ ‘ಸರಪಳಿಯನ್ನು ಬಲಪಡಿಸಬೇಕು’ ಎಂಬ ವಾಕ್ಯ ಯಾವ ಕರ್ತೃವೂ ಇಲ್ಲದೆ ಓಡಾಡುವುದು ಇದರಿಂದಲೇ. ವಾಕ್ಯಕ್ಕೆ ಕರ್ತೃವನ್ನು ಕೊಡುವುದು ನಮ್ಮ ಶಾಸ್ತ್ರದ ಕೆಲಸ.

ವಿದ್ಯಾರ್ಥಿಗಳು ಈ ವಿಧಾನವನ್ನು ಕೈಬಿಡಬೇಕೆಂದು ನಮ್ಮ ಸಲಹೆಯಲ್ಲ. ಮನೆಗಳಿಂದ ಆರಂಭಿಸದೆ ಸಂದಿಗಳಿಂದ ಆರಂಭಿಸಬೇಕು. ಗೂಡು ಕೈ ಬದಲಾಯಿಸುವ ಸ್ಥಳದಲ್ಲಿ ತೂಗುವವರು ಯಾರು, ಕಾಯಬಲ್ಲವರು ಯಾರು, ಸಾಲ ಕೊಟ್ಟವರು ಯಾರು, ಕಸರು ಯಾರ ಪಾಲಿಗೆ ಎಂದು ಒಂದೊಂದಾಗಿ ಕೇಳಿ, ಅದೇ ಪ್ರಶ್ನೆಗಳನ್ನು ನೂಲಿನ ಮಾರಾಟಕ್ಕೂ ಸೀರೆಯ ಮಾರಾಟಕ್ಕೂ ಹಾಕಬೇಕು. ಕಸರಿನ ಪ್ರಶ್ನೆಯನ್ನು ಹಗುರವಾಗಿ ಎಣಿಸಬಾರದು: ಬಿಚ್ಚಲಾಗದ ರೇಷ್ಮೆಯಿಂದ ನೂಲು ತೆಗೆಯಲೆಂದೇ 1936ರಲ್ಲಿ ಚನ್ನಪಟ್ಟಣದಲ್ಲಿ ಗಿರಣಿ ಸ್ಥಾಪಿತವಾಯಿತು, ಬೆಂದ ಹುಳು ಕೋಳಿ ಮತ್ತು ಮೀನಿನ ಆಹಾರವಾಗಿ ಮಾರಾಟವಾಗುತ್ತದೆ, ಗೂಡಿನ ಹರಾಜಿನಲ್ಲಿ ರೈತ ಇವೆಲ್ಲವನ್ನೂ ಒಂದೇ ಬೆಲೆಗೆ ಕೊಟ್ಟುಬಿಟ್ಟಿರುತ್ತಾನೆ. ಸುಂಕಮಂಡಳಿಯ ವರದಿ, ರೇಷ್ಮೆ ಇಲಾಖೆಯ ವಾರ್ಷಿಕ ಆಡಳಿತ ವರದಿಗಳು, ಮಾರುಕಟ್ಟೆಗಳ ಹರಾಜು ದಾಖಲೆಗಳು ಇಂಥ ಅಧ್ಯಯನಕ್ಕೆ ಆಧಾರಗಳು. ಇವುಗಳಲ್ಲಿ ಮೊದಲನೆಯದು ದೊಡ್ಡ ಗ್ರಂಥಾಲಯಗಳಲ್ಲಿ ದೊರೆಯುತ್ತದೆ. ಕೊನೆಯವು ಹಾಗಲ್ಲ, ಹರಾಜು ವಿದ್ಯುನ್ಮಾನವಾದ ಮೇಲೆ ಹಳೆಯ ಕಾಗದದ ವಹಿಗಳನ್ನು ಕಾಪಾಡುವ ಹೊಣೆ ಯಾರದೆಂದು ಇಲಾಖೆಯೂ ವಿಶ್ವವಿದ್ಯಾನಿಲಯಗಳೂ ಕೂಡಿ ಆದಷ್ಟು ಬೇಗ ನಿರ್ಧರಿಸಬೇಕಾಗಿದೆ.